ಒಳಗೇನೂ ಇಲ್ಲದ ಕೋಟು

ಗುರುಲಿಂಗಪ್ಪ ಕೋಟಿನ ಭುಜದೊಳಗೆ ಕೈ ಹಾಕಿ ತಡಕಿದ. ಪ್ಯಾಡ್ ಇಲ್ಲ. ಎದೆಯ ಭಾಗ ಹಿಚುಕಿ ನೋಡಿದ, ಕ್ಯಾನ್ವಾಸ್ ಇಲ್ಲ. ಒಳಗು ಹೊರಗು ಮಾಡಿದರೆ ಅಸ್ತರವೂ ಇಲ್ಲ. ಬರೀ ಬಟ್ಟೆ, ಅದಕ್ಕೆರಡು ಜೇಬು, ಮುಂದೆ ಗುಂಡಿ. ಕೈಬಿಟ್ಟರೆ ಒದ್ದೆ ಟವೆಲಿನ ಹಾಗೆ ಮುದುಡಿ ಬೀಳುತ್ತದೆ. ಸಿಂದಗಿಯಲ್ಲಿ ಕೋಟು ಹೊಲಿಯುತ್ತಲೇ ತಲೆ ನರೆಸಿಕೊಂಡ ಅವನಿಗೆ, ಇದನ್ನು ಕೋಟೆಂದು ಮಾರಿದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕು ಅನ್ನಿಸಿತು.

"ತೋಳು ಒಂದಿಂಚು ಗಿಡ್ಡ ಮಾಡ್ರಿ ಕಾಕಾ, ನಾಳೆ ಮುಂಜಾನೆ ಮುದ್ದೇಬಿಹಾಳಕ್ಕ ಕನ್ಯಾ ನೋಡಾಕ ಹೊಂಟೇವಿ" ಎಂದು ಹೇಳಿ ಅದನ್ನು ಕೊಟ್ಟುಹೋದವನು ಮೋರಟಗಿಯ ಅಮಿತ. ಡ್ರಿಪ್ ಪೈಪಿನ ಅಂಗಡಿ ಇಟ್ಟಿರುವ ಸಣಕಲು ಹುಡುಗ. ಹೋದ ವರ್ಷ ಅವನು ಇಂಡಿಗೆ ಕನ್ಯೆ ನೋಡಲು ಹೊರಟಾಗ ಕೋಟು ಹೊಲಿದುಕೊಟ್ಟವನು ಗುರುಲಿಂಗಪ್ಪನೇ. ಬಾಗೇವಾಡಿಯಿಂದಲೂ ವರಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅವನು ಕೋಟಿಗೆ ಕೂರಿಸುವ ಭುಜಕ್ಕಾಗಿ. ಅವನ ಕೋಟು ತೊಟ್ಟರೆ ಗೂಟವೂ ಗೌಡನಾಗುತ್ತದೆ ಎಂದು ಊರವರು ನಗುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

"ಹುಡುಗಗ ಯಾರೋ ಟೋಪಿ ಹಾಕ್ಯಾರ" ಎಂದ ಹೆಂಡತಿಗೆ. ಕಸ್ತೂರೆವ್ವ ಪಕ್ಕದಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಳು. "ಟ್ರಯಲ್ ನೋಡಾಕ ಹೊಲದಿದ್ದ ಕೋಟ ಇದು. ಪೂರಾ ಆಗೇತಿ ಅಂತ ಕೊಟ್ಟು ಕಳಿಸ್ಯಾರ."

"ಫೋನ್ ಹಚ್ಚಿ ಕೇಳ್ರಿ ಅವನ್ನ."

"ಕೇಳೂದೇನೈತಿ? ಹಸದು ಬಂದಾಂವಗ ಉಣ್ಣತಿ ಏನು ಅಂತ ಕೇಳತಾರೇನು?"

ಸಂಜೆಯೆಲ್ಲ ಕೂತು ತೋಳು ಗಿಡ್ಡ ಮಾಡಿದ, ಎದೆಗೆ ಕ್ಯಾನ್ವಾಸ್ ಕೊಟ್ಟ, ಭುಜಕ್ಕೆ ದಪ್ಪನೆಯ ಪ್ಯಾಡ್ ಕೂರಿಸಿದ. ಅಸ್ತರಕ್ಕೆ ಹೊತ್ತು ಸಾಲಲಿಲ್ಲ. ಮುಗಿಸಿ ತೂಗುಹಾಕಿದಾಗ, ಒಳಗೆ ಯಾರೂ ಇಲ್ಲದಿದ್ದರೂ ಕೋಟು ಎದೆಯುಬ್ಬಿಸಿ ನಿಂತಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಅವನಿಗೆ ಸಮಾಧಾನವಾಯಿತು.

ಮರುದಿನ ಮುಂಜಾನೆ ಅಮಿತ ಮನೆಯವರನ್ನು ಕ್ರೂಸರ್ ಗಾಡಿಯಲ್ಲೇ ಕೂರಿಸಿ ಅಂಗಡಿಯೊಳಗೆ ಬಂದ. ಕೋಟು ನೋಡಿದ್ದೇ ಅವನ ಮುಖ ಇಳಿದುಹೋಯಿತು.

"ಏನ್ ಮಾಡಿದ್ರಿ ಕಾಕಾ ಇದನ್ನ?"

"ಕೋಟ ಮಾಡೇನಿ."

ಅಮಿತ ಸ್ಟೂಲಿನ ಮೇಲೆ ಕುಸಿದು ಕೂತ. "ಒಳಗ ಏನೂ ಇರಬಾರದು ಅಂತನ ಹುಡುಕಿ ತಂದಿದ್ನಿರಿ. ಇಂಡಿಗೆ ನೀವು ಹೊಲದ ಕೋಟ ಹಾಕ್ಕೊಂಡು ಹೋಗಿದ್ನಿ. ಹುಡುಗಿ ಹೂಂ ಅಂದ್ಳು. ಆಮ್ಯಾಲೆ ಅವರ ಮಂದಿ ನಮ್ಮ ಮನಿ ನೋಡಾಕ ಬಂದ್ರು. ನಾ ಅಂಗಡ್ಯಾಗ ಟೀ-ಶರ್ಟ್ ಹಾಕ್ಕೊಂಡು ಪೈಪ್ ಕೊಯ್ಯಾಕತ್ತಿದ್ನಿ. ಹುಡುಗಿ ಸೋದರಮಾವ ನನಗಽ ಬಂದು ‘ಅಮಿತ ಅವ್ರು ಎಲ್ಲಿ ಅದಾರ್ರಿ?’ ಅಂತ ಕೇಳಿದ್ರು. ನಾನಽರಿ ಅಂದ್ನಿ. ಅವರು ನನ್ನ ಹಿಂದ ಯಾರರ ನಿಂತಾರೇನು ಅಂತ ಬಗ್ಗಿ ನೋಡಿದ್ರು. ತೋರಿಸಿದ ವರಾ ಬ್ಯಾರೆ, ಮನ್ಯಾಗ ಇದ್ದಾಂವ ಬ್ಯಾರೆ ಅಂತ ಹೇಳಿ ಕಳಿಸಿದ್ರು."

ಆ ಸಂಬಂಧ ಮುರಿದದ್ದು ಗುರುಲಿಂಗಪ್ಪನಿಗೆ ಗೊತ್ತಿತ್ತು. ಜಾತಕವೋ ಹೊಲವೋ ಅಡ್ಡ ಬಂದಿರಬೇಕು ಎಂದುಕೊಂಡಿದ್ದ. ಅಡ್ಡ ಬಂದದ್ದು ತನ್ನ ಭುಜ ಎಂದು ಯಾರೂ ಹೇಳಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಯಿತು, ಅದೂ ಎರಡನೇ ಸಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ಇವತ್ತಿನಾಕಿ ನನ್ನ ನೋಡಿ ಬ್ಯಾಡ ಅಂದ್ರ ನಡೀತೈತ್ರಿ" ಎಂದ ಅಮಿತ. "ಕೋಟ ನೋಡಿ ಹೂಂ ಅಂದ್ರ ಮತ್ತ ಅದಽ ಪಂಚಾಯ್ತಿ."

ಹೊರಗೆ ಕ್ರೂಸರಿನ ಹಾರ್ನ್ ಕೇಳಿಸಿತು. ಗುರುಲಿಂಗಪ್ಪ ಬ್ಲೇಡು ತಗೊಂಡು ತೋಳಿನದೊಂದು ಬಿಟ್ಟು ತಾನು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿದ, ಪ್ಯಾಡು ಕ್ಯಾನ್ವಾಸು ಕಿತ್ತು ಮೇಜಿನ ಮೇಲೆ ಹಾಕಿದ. ಅಮಿತ ಕೋಟು ತೊಟ್ಟುಕೊಂಡ.

"ಕೈ ಎತ್ತು."

ಎತ್ತಿದ. ತೋಳಷ್ಟೇ ಮೇಲೆ ಹೋಯಿತು, ಕೋಟು ಇದ್ದಲ್ಲೇ ಇತ್ತು. ಗುರುಲಿಂಗಪ್ಪ ಹಿಂದೆ ಹೋಗಿ ನೋಡಿದ, ಮುಂದೆ ಬಂದು ನೋಡಿದ. ಇಳಿಬಿದ್ದ ಭುಜ ಇಳಿಬಿದ್ದೇ ಕಾಣುತ್ತಿತ್ತು, ಸಣ್ಣ ಎದೆ ಸಣ್ಣದಾಗಿಯೇ. ಕೋಟು ಹುಡುಗನನ್ನು ಏನೂ ಮಾಡಿರಲಿಲ್ಲ. ಆದರೂ ಅವನು ಚೆಂದ ಕಾಣುತ್ತಿದ್ದ. ಅದು ಹೇಗೆಂದು ಗುರುಲಿಂಗಪ್ಪನಿಗೆ ಹೊಳೆಯಲಿಲ್ಲ. ಇನ್ನೊಮ್ಮೆ ತಿರುಗಿಸಿ ನೋಡೋಣ ಅನ್ನುವಷ್ಟರಲ್ಲಿ ಅಮಿತ ಗಾಡಿ ಹತ್ತಿಬಿಟ್ಟಿದ್ದ.

"ಇಂಡಿ ಮಂದಿಗೆ ಬುದ್ಧಿ ಇಲ್ಲ" ಎಂದ, ಗಾಡಿ ಮರೆಯಾದ ಮೇಲೆ. "ಕೋಟ ನೋಡಿ ಯಾರರ ಮೋಸ ಹೋಗತಾರೇನು?"

ಕಸ್ತೂರೆವ್ವ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದಳು.

"ನನ್ನ ನೋಡಾಕ ಬಂದಾಗ ನೀವೂ ಕೋಟ ಹಾಕ್ಕೊಂಡು ಬಂದಿದ್ರಿ. ಮದಿವಿ ಆದಮ್ಯಾಲೆ ಕಳದಿಟ್ರಿ. ಅದರೊಳಗಿದ್ದ ಆ ಗಂಡಸು ಎಲ್ಲಿ ಹ್ವಾದಾ ಅಂತ ನಾ ಯಾರನ್ನ ಕೇಳ್ಲಿ?"