ಬಂದೂಕಿಗೆ ಬದಲಿ

“ಈ ಬಂದೂಕನ್ನ ಇವತ್ತೇ ರಾಜಧಾನಿಗೆ ಒಯ್ಯಬೇಕು. ಇಲ್ಲಿ ತುಕ್ಕು ಹಿಡೀತಿದೆ,” ಎಂದು ಅಧಿಕಾರಿ ರೊಸೆಂದೊ ಎಲಿಗಿಯಾಳ ಮುಂದೆ ಕಾಗದ ಹಿಡಿದ. ಮಾಯಾ ಜನ ಸರಕಾರದ ಮೇಲೆ ದಂಗೆಯೆದ್ದಾಗ ಅವಳ ಮುತ್ತಜ್ಜ ಹಿಡಿದಿದ್ದ ಬಂದೂಕು ಅದು. ಊರವರೇ ಕಲ್ಲು ಹೊತ್ತು ಕಟ್ಟಿದ ಒಂದು ಕೋಣೆಯ ಮ್ಯೂಸಿಯಮ್ಮನ್ನು ನೋಡಿಕೊಳ್ಳುವವಳು ಅವಳು. ರಾಜಧಾನಿಗೆ ಹೋದ ವಸ್ತು ತಿರುಗಿ ಬಂದದ್ದನ್ನು ಅವಳಂತೂ ಕಂಡಿರಲಿಲ್ಲ.

ಬಾಗಿಲಲ್ಲಿ ಜೋಲಿಯೊಳಗೆ ಮಲಗಿದ್ದ ನಜಾರಿಯೋ ತಾತ ಒಂದು ಕಣ್ಣು ತೆರೆದ. ದಂಗೆಯ ಕಾಲದಿಂದ ಊರವರು ಕಾಯುತ್ತ ಬಂದ ಪವಿತ್ರ ಶಿಲುಬೆಯ ಕಾವಲು ಪಡೆಗೆ ಅವನೇ ಕ್ಯಾಪ್ಟನ್. ಯುದ್ಧ ಮುಗಿದು ನೂರು ವರ್ಷ ದಾಟಿದರೂ ಒಂದೊಂದು ವಾರದ ಕಾವಲು ಪಾಳಿ ಇನ್ನೂ ತಪ್ಪಿಲ್ಲ.

“ಅದು ಡ್ಯೂಟಿ ಮೇಲಿದೆ ಸಾಹೇಬ್ರೇ.”

“ಯಾವುದು?”

“ಬಂದೂಕು. ಪಾಳಿ ಪಟ್ಟೀಲಿ ಅದರ ಹೆಸರಿದೆ. ಬದಲಿ ಆಯುಧ ಬರೋತನಕ ಜಾಗ ಬಿಡೋ ಹಾಗಿಲ್ಲ. ಬದಲಿ ಬರಲಿಲ್ಲ ಅಂತ ನನ್ನ ಮದುವೇನೇ ಒಂದು ವಾರ ಮುಂದೆ ಹೋಗಿತ್ತು.”

ರೊಸೆಂದೊಗೆ ಊಟದ ಹೊತ್ತು ಮೀರುತ್ತಿತ್ತು. “ನನ್ನ ಹತ್ರ ಎಂಥಾ ಆಯುಧ ತಾತಾ? ಬೇಕಾದ್ರೆ ಚೀಲ ನೋಡಿ,” ಎಂದ.

ಎಲಿಗಿಯಾ ನೋಡಿದಳು. ಬಾಚಣಿಗೆ, ಛತ್ರಿ, ಫೈಲು. ಅಡಿಯಲ್ಲಿ ಸರಕಾರದ ದುಂಡನೆಯ ಮೊಹರು. ಮುತ್ತಜ್ಜನ ಕಾಡನ್ನು ಸರಕಾರ ಜಮೀನ್ದಾರರಿಗೆ ಬರೆದುಕೊಟ್ಟ ಹಳೇ ಕಾಗದದ ಮೇಲೂ ಇಂಥದ್ದೇ ಗುರುತಿತ್ತು.

“ಇದು ಸಾಕು ತಾತಾ. ನಮ್ಮ ಕಾಡು ಹೋಗಿದ್ದು ಇದರ ಒಂದೇ ಏಟಿಗೆ.”

ಹೇಗಾದರೂ ಹೊರಟರೆ ಸಾಕಾಗಿದ್ದ ರೊಸೆಂದೊ ನಕ್ಕು ತಲೆಯಾಡಿಸಿದ. ತಾತ ಎದ್ದು ಮೊಹರನ್ನು ಬಂದೂಕು ತೂಗುಹಾಕಿದ್ದ ಗೂಟದ ಕೆಳಗಿಟ್ಟು, ಸೆಲ್ಯೂಟ್ ಹೊಡೆದು, ಬಂದೂಕನ್ನು ಇಳಿಸಿದ. ರೊಸೆಂದೊ ರಸೀದಿ ಬರೆದು ಮೊಹರಿಗೆ ಕೈಚಾಚಿದ.

“ಮುಟ್ಟಬೇಡಿ,” ಎಂದ ತಾತ. “ಪಾಳಿ ಹತ್ತಿದ ಮೇಲೆ ಏಳು ದಿನ ಇಳಿಯೋ ಹಾಗಿಲ್ಲ.”

“ಮೊಹರು ಒತ್ತದೆ ಬಂದೂಕು ಒಯ್ಯೋ ಹಾಗಿಲ್ಲ!”

“ಹಾಗಾದ್ರೆ ಹೋಗಿ ಬನ್ನಿ.”

“ಮೊಹರು ಬಿಟ್ಟು ಹೋದ್ರೆ ನನ್ನ ಕೆಲಸಾನೇ ಹೋಗುತ್ತೆ,” ಎಂದ ರೊಸೆಂದೊ. ಅವನು ಗೂಟದ ಪಕ್ಕದಲ್ಲೇ ನಿಂತುಬಿಟ್ಟ. ಕಾವಲಿನವರು ಟೋಪಿ ಹಾಕುವಂತಿಲ್ಲ ಎಂದು ತಾತ ಅವನ ಟೋಪಿಯನ್ನೂ ತೆಗೆಸಿದ.

ಎಲಿಗಿಯಾ ಹೊಸ ಕಾವಲುಗಾರನಿಗೆ ಮೆಕ್ಕೆಜೋಳದ ಗಂಜಿ ತಂದಿಟ್ಟಳು. ಮುತ್ತಜ್ಜನ ಬಂದೂಕು ತಾತನ ಜೋಲಿಯಲ್ಲಿ ಮಲಗಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪಾಳಿ ಪಟ್ಟಿ ಬಿಚ್ಚಿ, “ಬಂದೂಕಿಗೆ ನಿವೃತ್ತಿ ಅಂತ ಬರೀಲಾ ತಾತಾ?” ಎಂದಳು.

ತಾತ ರೊಸೆಂದೊನನ್ನು ಮೇಲಿಂದ ಕೆಳಗೆ ನೋಡಿದ.

“ಬೇಡ. ಒಂದು ವಾರ ರಜೆ ಅಂತ ಬರಿ.”