ನೊರೆಯಿಲ್ಲದ ಬಕೆಟ್

“ಇದು ಸೋಪಾ, ಇಲ್ಲ ನೆಗಡಿಯಾದ ದನದ ಮೂಗಿಗೆ ಬಕೆಟ್ ಹಿಡಿದು ತಂದಿದ್ದಾ?”

ಕಾರು ತೊಳೆಯುವ ಅಂಗಡಿಯ ಯಜಮಾನ ಸಮೆಜಿಮಾ ಬಕೆಟ್ಟಿಗೆ ಕೈ ಅದ್ದಿ ಮೇಲೆತ್ತಿದ. ಬೆರಳುಗಳಿಂದ ಲೋಳೆ ಉದ್ದುದ್ದ ಇಳಿಯಿತು. ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ಕು ಗಿರಾಕಿಗಳಲ್ಲಿ ಮೂವರು ನಕ್ಕರು. ಅಷ್ಟು ಸಾಕಾಯಿತು ಅವನಿಗೆ. “ನೋಡಿ, ಹೈಸ್ಕೂಲು ಅರ್ಧಕ್ಕೆ ಬಿಟ್ಟ ನಮ್ಮ ವಿಜ್ಞಾನಿ. ನೊರೆನೇ ಬಾರದ ಸೋಪು ಕಂಡುಹಿಡಿದಿದ್ದಾನೆ. ಏನು ಸುರಿದೆಯೋ ಇದಕ್ಕೆ?”

“ಕಡಲಪಾಚಿ ಕುದಿಸಿ ಸೋಸಿದ ನೀರು,” ಎಂದ ತೊಳೆಯುವ ಕೆಲಸದ ಅತಾರಿ. “ಮೇಲೆ ಎರಡು ಚಮಚ ಗ್ಲಿಸರಿನ್. ನೊರೆ ಕಮ್ಮಿ ಆಗುತ್ತೆ ಯಜಮಾನ್ರೆ, ಜಾರು ಜಾಸ್ತಿ ಆಗುತ್ತೆ.”

“ಹಾಗಾದ್ರೆ ಹೋಟೆಲಿಗೆ ಹೋಗಿ ಸೂಪು ಮಾಡಪ್ಪ. ಜನ ಇಲ್ಲಿಗೆ ಬರೋದು ನೊರೆ ನೋಡೋಕೆ.”

ಕೊಲ್ಲಿಯಾಚೆ ಸಕುರಾಜಿಮಾ ಎಂಬ ಜ್ವಾಲಾಮುಖಿ ಬೆಟ್ಟ ಬೆಳಿಗ್ಗೆಯಿಂದ ಬೂದಿ ಉಗುಳುತ್ತಲೇ ಇತ್ತು. ಕಗೊಶಿಮಾ ಊರಿನಲ್ಲಿ ಅದೇನು ಸುದ್ದಿಯಲ್ಲ. ಒಣಗಿದ ಬಟ್ಟೆ ಒಳಗೆ ತರುತ್ತಾರೆ, ಕೊಡೆ ಬಿಚ್ಚುತ್ತಾರೆ, ಅಷ್ಟೆ. ಆದರೆ ಇದು ಒಲೆಯ ಬೂದಿಯಲ್ಲ, ಅರೆದ ಗಾಜು. ಬೂದಿ ಕೂತ ಕಾರನ್ನು ಬಟ್ಟೆಯಿಂದ ಒರೆಸಿದವನು ಊರಿಗೆ ಹೊಸಬ ಎಂದೇ ತಿಳಿಯಬೇಕು. ನೀರು ಸುರಿಯಬೇಕು, ಇನ್ನೂ ಸುರಿಯಬೇಕು, ಆಮೇಲೆ ಸೋಪು. ಅಷ್ಟಾದರೂ ಒಂದೆರಡು ಕಣ ಬಣ್ಣಕ್ಕೆ ಕಚ್ಚಿಕೊಂಡಿದ್ದು, ಕೈ ಹೋದಲ್ಲೆಲ್ಲ ಗೆರೆ ಎಳೆಯುತ್ತವೆ. ನೊರೆಯ ಕೆಳಗೆ ಆ ಗೆರೆ ಯಾರಿಗೂ ಕಾಣುವುದಿಲ್ಲ. ಮನೆಗೆ ಹೋದ ಮೇಲೆ ಬಿಸಿಲಲ್ಲಿ ಕಾಣುತ್ತದೆ.

ನಗದೆ ಕೂತಿದ್ದ ನಾಲ್ಕನೆಯವರು ಎದ್ದು ಬಂದರು. ಉವತೊಕೊ ಎಂಬ ಮುದುಕರು; ಮದುವೆಗಳಿಗೆ ತಮ್ಮ ಕಪ್ಪು ಕಾರನ್ನು ಬಾಡಿಗೆಗೆ ಓಡಿಸುವವರು. ಹತ್ತೊಂಬತ್ತು ವರ್ಷ ಆ ಕಾರನ್ನು ಅವರ ಕೈಯಲ್ಲದೆ ಇನ್ನೊಂದು ಕೈ ತೊಳೆದಿರಲಿಲ್ಲ. ಈಗ ಬಲ ಮಣಿಕಟ್ಟಿಗೆ ಪಟ್ಟಿ ಬಿದ್ದಿತ್ತು.

ಅವರು ತಮ್ಮ ಬಾನೆಟ್ಟಿನಿಂದ ಒಂದು ಚಿಟಿಕೆ ಬೂದಿ ಎತ್ತಿ, ಅಂಗಡಿಯ ನೊರೆಸೋಪಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಹಿಡಿದು ಕಿವಿಯ ಹತ್ತಿರ ಉಜ್ಜಿದರು. ಸರಸರ ಎಂದಿತು. ಇನ್ನೊಂದು ಚಿಟಿಕೆ ಅತಾರಿಯ ಬಕೆಟ್ಟಿನಲ್ಲಿ ಅದ್ದಿ ಉಜ್ಜಿದರು. ಉಜ್ಜುತ್ತಲೇ ಇದ್ದರು. ಕಿವಿ ಬದಲಾಯಿಸಿದರು.

“ಇದು ಮಾತೇ ಆಡ್ತಿಲ್ಲವಲ್ಲ,” ಎಂದರು. “ಯಾರು ಕಲಿಸಿದ್ದು ತಮ್ಮಾ?”

“ನಮ್ಮಜ್ಜಿ. ಅಮಾಮಿ ದ್ವೀಪದಲ್ಲಿ ರೇಷ್ಮೆ ನೇಯ್ತಿದ್ರು. ಎಳೆಗೆ ಎಳೆ ಉಜ್ಜಿ ಸಿಬಿರು ಏಳಬಾರದು ಅಂತ ನೂಲಿಗೆ ಈ ಪಾಚಿಯದೇ ಗಂಜಿ ಹಾಕೋರು.”

“ನನ್ನ ಗಾಡಿ ಈ ಬಕೆಟ್ಟಿನಲ್ಲೇ ತೊಳಿ.”

ಸಮೆಜಿಮಾನ ಮುಖ ಬಿಗಿಯಿತು. “ತೊಳಿಯೋ. ಒಂದೇ ಒಂದು ಗೆರೆ ಬೀಳಲಿ, ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ. ಉವತೊಕೊ ಅವರೇ, ನಾಳೆ ಮದುವೆಗೆ ಗಾಡಿ ಹೋಗಬೇಕು ಅಂದ್ರಿ, ಇನ್ನೊಂದು ಸಲ ಯೋಚನೆ ಮಾಡಿ.”

“ಹತ್ತೊಂಬತ್ತು ವರ್ಷದಿಂದ ಈ ಗೆರೆಗಳ ಯೋಚನೆಯನ್ನೇ ಮಾಡ್ತಿದೀನಿ.”

ಅತಾರಿ ಚಾವಣಿಯ ಕೆಳಗೆ ಕಾರು ನಿಲ್ಲಿಸಿ ನೀರು ಸುರಿದ. ಆಮೇಲೆ ಉಣ್ಣೆಯ ಗವಸನ್ನು ಲೋಳೆಯಲ್ಲಿ ಮುಳುಗಿಸಿ, ಬಾಗಿಲ ಮೇಲಂಚಿಗೆ ಇಟ್ಟು, ಕೈ ತೆಗೆದುಬಿಟ್ಟ. ಗವಸು ಬೀಳಲಿಲ್ಲ. ತನ್ನ ಭಾರಕ್ಕೆ ತಾನೇ, ಬಸವನಹುಳುವಿನ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಅದರ ಹಿಂದೆ ಬೂದಿಯ ಕಣಗಳು ಒಂದೊಂದಾಗಿ ಬಣ್ಣದಿಂದ ಬಿಡಿಸಿಕೊಂಡು ಎದ್ದವು. ಎದ್ದು ಲೋಳೆಯೊಳಗೇ ತೇಲುತ್ತ ನಿಂತವು. ನೀರು ಬಿಟ್ಟಾಗ ಬೂದುಬಣ್ಣದ ಪರದೆಯೊಂದು ಇಡೀ ಬಾಗಿಲಿನಿಂದ ಸದ್ದಿಲ್ಲದೆ ಜಾರಿಹೋಯಿತು. ಬೆಂಚಿನಲ್ಲಿದ್ದ ಮೂವರೂ ಯಾವಾಗ ಎದ್ದು ಬಂದರೋ, ಕಾರಿನ ಸುತ್ತ ನಿಂತಿದ್ದರು. ಒಬ್ಬ ತನಗೇ ಗೊತ್ತಿಲ್ಲದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಇಡೀ ಕಾರು ಹಾಗೆಯೇ ತೊಳೆದಾದ ಮೇಲೆ, ಗೀರು ಹುಡುಕುವ ದೀಪವನ್ನು ಸಮೆಜಿಮಾ ತಾನೇ ತಂದ. ಬೇರೆ ಕಾರುಗಳಲ್ಲಾದರೆ ಆ ಬೆಳಕಿನ ಸುತ್ತ ಸಣ್ಣ ಗೀರುಗಳ ಜೇಡರ ಬಲೆ ಎದ್ದು ಕಾಣಬೇಕು. ಇಲ್ಲಿ ದೀಪ ಹಿಡಿದಲ್ಲೆಲ್ಲ ದೀಪ ಕಂಡಿತು, ಇನ್ನೇನೂ ಕಾಣಲಿಲ್ಲ. ಎರಡು ಸುತ್ತು ಬಂದ. ಮೂರನೆಯ ಸುತ್ತಿಗೆ ಮೊಣಕಾಲೂರಿ ಕೂತು, ಚಕ್ರದ ಮೇಲಿನ ಸಂದಿಯಲ್ಲೂ ನೋಡಿದ.

ಅತಾರಿ ಅವನನ್ನು ನೋಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಈಗ ನೆನಪಾಗುತ್ತಿರಲಿಲ್ಲ. ಬಾವಿಯೊಳಗೆ ಬಗ್ಗಿದವನ ಹಾಗೆ ಅವನು ಕಾರಿನ ಕಪ್ಪು ಹೊಳಪಿನೊಳಗೆ ನೋಡುತ್ತಿದ್ದ. ಕೊಲ್ಲಿ, ಬೆಟ್ಟ, ಬೆಟ್ಟದ ಮೇಲೆ ಸುರುಳಿ ಸುರುಳಿ ಹೊಗೆ, ಎಲ್ಲವೂ ಅದರೊಳಗೆ ನಿಜವಾದವಕ್ಕಿಂತ ದೂರ, ನಿಜವಾದವಕ್ಕಿಂತ ನಿಚ್ಚಳ. ಇದು ತನ್ನ ಕೈಯಿಂದ ಆದದ್ದು ಎಂದು ಅವನಿಗೇ ನಂಬಿಕೆ ಬರಲಿಲ್ಲ. ಉವತೊಕೊ ಹತ್ತಿರ ಬಂದರು. ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, ಆ ಹುಡುಗನ ಮುಂದೆ ಸೊಂಟದವರೆಗೆ ಬಾಗಿದರು. ಬಾಗಿ, ತುಂಬ ಹೊತ್ತು ತಲೆ ಎತ್ತಲಿಲ್ಲ.

ಸಮೆಜಿಮಾ ಮೊಣಕಾಲು ಕೊಡವಿಕೊಂಡು ಎದ್ದ. “ಯಾವ ಕಂಪನಿದು ಕದ್ದೆ, ನಿಜ ಹೇಳು,” ಎಂದ. ಯಾರೂ ನಗಲಿಲ್ಲ. ದನಿ ತಗ್ಗಿಸಿದ. “ಆಯ್ತು, ಬಿಡು. ಎಷ್ಟಕ್ಕೆ ಎಷ್ಟು ಹಾಕ್ತೀಯ ಅಂತ ಬರೆದುಕೊಡು. ಅಂಗಡಿ ಹೆಸರಲ್ಲಿ ಬಾಟಲಿಗೆ ತುಂಬಿಸೋಣ. ಏ, ನಿನ್ನನ್ನೇ ಕೇಳ್ತಿರೋದು.”

ಅತಾರಿ ಗವಸನ್ನು ಹಿಂಡಿ ತೊಟ್ಟಿಯ ಅಂಚಿಗೆ ಒಣಹಾಕಿದ. ತನ್ನ ಬಕೆಟ್ ಎತ್ತಿಕೊಂಡು ತಿರುಗಿ, ಬೂದಿ ಸುರಿಯುತ್ತಿದ್ದ ರಸ್ತೆಯ ಕಡೆ ನಡೆದ. ಕಾರಿನ ಕಪ್ಪು ಬಾಗಿಲಿನಲ್ಲಿ ಅವನ ಬೆನ್ನು ಚಿಕ್ಕದಾಗುತ್ತ, ಚಿಕ್ಕದಾಗುತ್ತ ರಸ್ತೆಯ ತುದಿಯವರೆಗೂ ಹೋಯಿತು. ಎಲ್ಲಿಯೂ ಒಂದು ಗೆರೆ ಅದಕ್ಕೆ ಅಡ್ಡ ಬರಲಿಲ್ಲ.