ಒಂಬತ್ತನೆಯ ಟೇಕ್

ಎಂಟನೆಯ ಟೇಕ್ ಮುಗಿದಾಗ ಆಲ್ಬಂ ನಿರ್ಮಾಪಕ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಗಾಜಿನ ಆಚೆ, ರೆಕಾರ್ಡಿಂಗ್ ಕೋಣೆಯಲ್ಲಿ, ಅಕ್ಕ ಹೆಡ್‌ಫೋನ್ ಹಾಕಿಕೊಂಡೇ ಕೂತು ಗಿಟಾರಿನ ಬಿರಡೆ ತಿರುವುತ್ತಿದ್ದಳು. ಗಾಜಿನ ಈಚೆ, ಗುಂಡಿಗಳು ತುಂಬಿದ ಮಿಕ್ಸಿಂಗ್ ಮೇಜಿನ ಮುಂದೆ, ತಂಗಿ. ಒಳಗಿರುವವರ ಜೊತೆ ಮಾತಾಡಲು ಮೇಜಿನ ಮೇಲೊಂದು ಗುಂಡಿಯಿತ್ತು. ಒತ್ತಿ ಹಿಡಿದಷ್ಟು ಹೊತ್ತು ಈ ಕೋಣೆಯ ಮಾತು ಅಕ್ಕನ ಕಿವಿಗೆ ಬೀಳುತ್ತಿತ್ತು, ಬಿಟ್ಟರೆ ಇಲ್ಲ. ಒಂದು ನಿಮಿಷ ಕಾಯಿ ಎಂದು ಹೇಳಲು ತಂಗಿ ಅದನ್ನು ಒತ್ತಿದ್ದಳಷ್ಟೆ, ಅವಳು ಬಾಯಿ ತೆರೆಯುವ ಮೊದಲೇ ನಿರ್ಮಾಪಕ ಗುಂಡಿಯತ್ತ ನೋಡದೆ ಶುರುಮಾಡಿದ.

"ನಿಮ್ಮ ಅಕ್ಕನ ಗಿಟಾರ್ ಈ ಹಾಡಿಗೆ ಆಗಲ್ಲ."

ಬಿರಡೆಯ ಮೇಲಿದ್ದ ಅಕ್ಕನ ಕೈ ನಿಂತಿತು. ತಲೆ ಎತ್ತಲಿಲ್ಲ.

ಅಕ್ಕತಂಗಿಯರದು ಹನ್ನೆರಡು ವರ್ಷದ ಬ್ಯಾಂಡ್. ಆಲ್ಟರ್ನೇಟಿವ್ ರಾಕ್ ಎಂಬ ನೂರೆಂಟು ಕವಲಿನ ಸಂಸಾರದಲ್ಲಿ ಇಬ್ಬರೂ ಒಟ್ಟಿಗೇ ಅಲೆದವರು. ಮೊದಲು ಗಂಟಲು ಹರಿಯುವಂತೆ ಕೂಗುವ ಗ್ರಂಜ್, ಆಮೇಲೆ ಒಣಕಡ್ಡಿ ಮುರಿದಂತೆ ಕೇಳುವ ಪೋಸ್ಟ್-ಪಂಕ್. ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ಅಕ್ಕ ನಾಯ್ಸ್ ರಾಕಿಗೆ ಬಿದ್ದಳು. ಗಿಟಾರನ್ನು ಸ್ಪೀಕರಿನ ಮುಖಕ್ಕೆ ಹಿಡಿದು, ಅದು ಅರಚಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ತಂಗಿಗೆ ಮಂಜಿನಲ್ಲಿ ತೇಲಿದಂತಿರುವ ಡ್ರೀಮ್ ಪಾಪ್ ಹಿಡಿಸಿತು. ಹೆಸರು ಎಷ್ಟಾದರೂ ಇರಲಿ, ಕೇಳುವ ಕಿವಿ ಎರಡೇ ಅಲ್ಲವೇನೇ ಎಂದು ಅಕ್ಕ ನಗುತ್ತಿದ್ದಳು. ಈ ಹಾಡು ತಂಗಿ ಬರೆದದ್ದು. ಇದಕ್ಕೆ ನಿನ್ನ ಗಿಟಾರ್ ಬೇಡ ಎಂಬ ಮಾತನ್ನು ಅವಳು ಆರು ತಿಂಗಳಿಂದ ನುಂಗಿಕೊಂಡಿದ್ದಳು. ಊಟಕ್ಕೆ ಕೂತಾಗ ಒಮ್ಮೆ, ಬಸ್ಸಿನಲ್ಲಿ ಒಮ್ಮೆ, ನಾಲಿಗೆಯ ತುದಿಗೆ ಬಂದದ್ದು ಹಾಗೇ ವಾಪಸು ಹೋಗಿತ್ತು.

ಈಗ ಗುಂಡಿಯಿಂದ ಬೆರಳು ಎತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಂಗಿ ಎತ್ತಲಿಲ್ಲ.

"ಏನು ತೊಂದರೆ ಅಂತ ಸ್ವಲ್ಪ ಬಿಡಿಸಿ ಹೇಳಿ" ಎಂದಳು.

ನಿರ್ಮಾಪಕ ಕೆಟ್ಟ ಮನುಷ್ಯನಲ್ಲ. ಕೇಳಿದ್ದಕ್ಕೆ ಬಿಡಿಸಿಯೇ ಹೇಳಿದ. ಅಕ್ಕನ ಕೈಯಲ್ಲಿ ಕಸುವಿದೆ, ಆದರೆ ಇನ್ನೊಬ್ಬರಿಗೆ ಜಾಗ ಬಿಡುವುದು ಗೊತ್ತಿಲ್ಲ. ನಿಮ್ಮ ದನಿ ಎಲ್ಲಿ ಏಳಬೇಕೋ ಸರಿಯಾಗಿ ಅಲ್ಲೇ ಅವರ ಸದ್ದು ಏರುತ್ತದೆ. ಮೆತ್ತಗೆ ನುಡಿಸುವುದು ಅವರಿಗೆ ಬರುವುದಿಲ್ಲ, ಇನ್ನು ಕಲಿಸುವುದೂ ಕಷ್ಟ. ಇವತ್ತಿನದನ್ನು ಹೀಗೇ ಮುಗಿಸಿ ಕಳಿಸೋಣ, ಮುಂದಿನ ವಾರ ಬೇರೆಯವರಿಂದ ನುಡಿಸೋಣ, ಆಲ್ಬಮ್ಮಿನ ಮೇಲೆ ಬೇಕಾದರೆ ಅಕ್ಕನ ಹೆಸರೇ ಇರಲಿ. ತಂಗಿ ನಡುನಡುವೆ ಹೂಂಗುಟ್ಟುತ್ತಿದ್ದಳು. ಬೆರಳ ತುದಿ ಬೆಳ್ಳಗಾಗಿತ್ತು. ಇನ್ನೇನು ಅಕ್ಕ ಹೆಡ್‌ಫೋನ್ ಕಿತ್ತೆಸೆದು ಎದ್ದುಹೋಗುತ್ತಾಳೆ, ತಾನು ಒಂದು ಮಾತೂ ಆಡದೆ ಎಲ್ಲ ಇತ್ಯರ್ಥವಾಗುತ್ತದೆ ಎಂದು ಕಾದಳು. ಅಕ್ಕ ಕದಲಲಿಲ್ಲ.

"ನಿಮಗೆ ಒಪ್ಪಿಗೆ ತಾನೆ?"

"ಒಪ್ಪಿಗೆ."

"ಅವರಿಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ" ಎಂದು ತಂಗಿ ಬೆರಳು ತೆಗೆದಳು.

ಅಕ್ಕ ಬಗ್ಗಿ ಕಾಲ ಬಳಿಯಿದ್ದ, ಗಿಟಾರಿನ ಸದ್ದನ್ನು ಒರಟಾಗಿಸುವ ಪೆಡಲುಗಳನ್ನು ಒಂದೊಂದಾಗಿ ಆಫ್ ಮಾಡಿದಳು. ಐದನ್ನೂ. ಆಮೇಲೆ, ಶುರುಮಾಡಿ ಎಂಬಂತೆ ಕೈ ಎತ್ತಿದಳು. ಒಂಬತ್ತನೆಯ ಟೇಕ್‌ನಲ್ಲಿ ಅರಚಾಟವಿರಲಿಲ್ಲ. ಮಲಗಿದ ಮಗುವಿನ ಕೋಣೆಯಲ್ಲಿ ಹೆಜ್ಜೆಯಿಟ್ಟಂತೆ ಒಂದೊಂದೇ ಸ್ವರ ಬಂತು. ತಂಗಿಯ ದನಿ ಏಳಬೇಕಾದ ಜಾಗಕ್ಕೆ ಬಂದಾಗ ಗಿಟಾರ್ ತಡೆದು ನಿಂತಿತು, ಇನ್ನೂ ಅಲ್ಲಿಲ್ಲದ ದನಿಯನ್ನು ಮುಂದೆ ಬಿಟ್ಟು ಅದರ ಹಿಂದೆ ನಡೆಯಿತು. ನಿರ್ಮಾಪಕ ಎದ್ದುನಿಂತಿದ್ದ. ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದರು, ಬೇರೆಯವರು ಯಾಕೆ ಬೇಕು ಎಂದು ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದ.

ಅಕ್ಕ ಹೊರಗೆ ಬಂದಾಗ ಗಿಟಾರ್ ಆಗಲೇ ಪೆಟ್ಟಿಗೆ ಸೇರಿತ್ತು. ನಿರ್ಮಾಪಕನ ಹೊಗಳಿಕೆಯನ್ನು ಪೂರ್ತಿ ಕೇಳಿಸಿಕೊಂಡಳು.

"ಇದನ್ನ ಇಟ್ಕೊಳ್ಳಿ, ಹಾಡು ಚೆನ್ನಾಗಿದೆ" ಎಂದಳು. "ಮಿಕ್ಕಿದ ಹಾಡುಗಳಿಗೆ ಬೇರೆಯವರನ್ನ ನೋಡ್ಕೊಳ್ಳಿ."

ನಿರ್ಮಾಪಕ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದ. ಅಕ್ಕಾ, ಏನೋ ಕೈ ತಗುಲಿ, ನನಗೆ ಗೊತ್ತೇ ಆಗಲಿಲ್ಲ ಎಂದು ತಂಗಿ ತೊದಲಿದಳು. ಅಕ್ಕ ಅವಳ ಬಲಗೈಯನ್ನು ತೆಗೆದುಕೊಂಡು, ತೋರುಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಅಷ್ಟು ಹೊತ್ತು ಒತ್ತಿ ಹಿಡಿದಿದ್ದೀಯಲ್ಲೇ. ನೋಯ್ತಿದೆಯಾ?"

ಬಿದ್ದುಬಂದ ಮಗುವನ್ನು ಕೇಳುವ ದನಿಯಲ್ಲೇ ಕೇಳಿದಳು. ಪೆಟ್ಟಿಗೆ ಎತ್ತಿಕೊಂಡು ಹೋದಳು. ಸ್ಟುಡಿಯೋದ ದಪ್ಪ ಬಾಗಿಲು ಸದ್ದೇ ಇಲ್ಲದೆ ಮುಚ್ಚಿಕೊಂಡಿತು.

ತುಸು ಹೊತ್ತು ಬಿಟ್ಟು ನಿರ್ಮಾಪಕ, ಹೇಗೂ ಬಂದಿದ್ದೀರಿ, ದನಿಯನ್ನೂ ಮುಗಿಸಿಬಿಡೋಣ ಎಂದ. ತಂಗಿ ಒಳಗೆ ಹೋಗಿ ಕೂತಳು. ಹೆಡ್‌ಫೋನ್ ಇನ್ನೂ ಬೆಚ್ಚಗಿತ್ತು. ಅದರಲ್ಲಿ ಒಂಬತ್ತನೆಯ ಟೇಕಿನ ಗಿಟಾರ್ ಬಂತು, ಅವಳ ಜಾಗಕ್ಕೆ ಬಂದು ತಡೆಯಿತು. ತಂಗಿ ಬಾಯಿ ತೆರೆದಳು. ಉಸಿರು ಮಾತ್ರ ಬಂತು. ಪರವಾಗಿಲ್ಲ, ಮತ್ತೊಮ್ಮೆ ಎಂದ ನಿರ್ಮಾಪಕ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅಕ್ಕನ ಗಿಟಾರ್ ಅಲ್ಲಿಯವರೆಗೆ ಬಂದು, ಪಕ್ಕಕ್ಕೆ ಸರಿದು, ಅವಳಿಗೆ ದಾರಿ ಬಿಟ್ಟು ಕಾಯುತ್ತ ನಿಂತಿತು.